ಯಾವ ಎಣ್ಣೆ ಎಂದು ಹೇಳದ ಗಿಟಾರ್ ಕಂಪನಿಗೆ

ದೇವದುರ್ಗ, ರಾಯಚೂರು ಜಿಲ್ಲೆ
ಮೇ ೧೯೮೪

ವ್ಯವಸ್ಥಾಪಕರು,
ಮಂಜುರವ ತಂತಿವಾದ್ಯ ಕಾರ್ಖಾನೆ, ಕಲ್ಕತ್ತಾ

ಮಾನ್ಯರೇ,

ಹೂಗ್ಲಿ ನದಿಯ ತಂಪು ಗಾಳಿಗೆ ಕಿಟಕಿ ತೆರೆದು ಕುಳಿತಿರುವ ತಮಗೆ, ತಮ್ಮ ಕೈಕೆಳಗಿನ ಗುಮಾಸ್ತರಿಗೆ, ಬಡಗಿಗಳಿಗೆ, ಪಾಲಿಶ್ ಮಾಡುವವರಿಗೆ ಮತ್ತು ತಮ್ಮ ಗೋದಾಮಿನಲ್ಲಿ ಇನ್ನೂ ಗಿಟಾರುಗಳಾಗದೆ ನೆಮ್ಮದಿಯಾಗಿ ಮಲಗಿರುವ ಮರದ ತುಂಡುಗಳಿಗೆ, ಕೃಷ್ಣೆ ಮತ್ತು ತುಂಗಭದ್ರೆ ಎಂಬ ಎರಡೆರಡು ನದಿಗಳ ನಡುವೆ ಇದ್ದೂ ಮೇ ತಿಂಗಳಲ್ಲಿ ಬಾಯಾರಿ ಕುಳಿತಿರುವ ಸೀಮೆಯಿಂದ ಒಬ್ಬ ಶಾಲಾ ಶಿಕ್ಷಕಿಯ ಅನೇಕಾನೇಕ ನಮಸ್ಕಾರಗಳು.

ತಮಗೆ ಕನ್ನಡ ಬರುವುದಿಲ್ಲವೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ಈ ಮೊದಲು ಶಬ್ದಕೋಶವನ್ನು ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದ ಪತ್ರಗಳನ್ನೂ ತಾವು ಓದಿದ ಸೂಚನೆ ಸಿಗದ ಕಾರಣ, ಓದದೇ ಇರುವವರಿಗೆ ಯಾವ ಭಾಷೆಯಾದರೂ ಆದೀತು ಎಂದು ತೀರ್ಮಾನಿಸಿ, ಈ ಸಲ ನನ್ನ ಕೈಗೆ ರೂಢಿಯಿರುವ ಭಾಷೆಯಲ್ಲೇ ಬರೆದು ರಾಯಚೂರಿನ ಒಂದು ವಾರಪತ್ರಿಕೆಯ ಸಂಪಾದಕರಿಗೆ ಕೊಟ್ಟಿದ್ದೇನೆ. ತಾವು ಓದದಿದ್ದರೂ ಬೇರೆ ನಾಲ್ಕು ಜನ ಓದಲಿ.

ನನ್ನ ಹೆಸರು ಅಮರಮ್ಮ. ಹುಟ್ಟಿ ಬೆಳೆದದ್ದು ಮಾನ್ವಿಯಲ್ಲಿ. ಅಪ್ಪ ಗದ್ದೆಪ್ಪ ಅಲ್ಲಿನ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ, ಅವ್ವ ಗೋಪಮ್ಮ ಕೂಲಿಗೆ ಹೋಗುವವಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಶಿಕ್ಷಕಿಯ ತರಬೇತಿ ಪಡೆಯುವಾಗ, ಪಕ್ಕದ ಬೀದಿಯ ಒಂದು ಮನೆಯಲ್ಲಿ ಸಂಜೆ ಹೊತ್ತು ಗಿಟಾರ್ ಕಲಿಸುತ್ತಿದ್ದರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಹೀಗಾಗಿ ಅವರ ಕಿಟಕಿಯ ಹೊರಗೆ ನಿಂತು ಅರ್ಧ ವಿದ್ಯೆಯನ್ನು ಕಿವಿಯಿಂದಲೇ ಕಲಿತೆ. ಇನ್ನರ್ಧವನ್ನು, ಮಾನ್ವಿಯ ಶಾಲೆಯಲ್ಲಿ ನೌಕರಿ ಸಿಕ್ಕಮೇಲೆ ೧೯೮೨ರಲ್ಲಿ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಯಲ್ಲಿ ತಮ್ಮ ಕಾರ್ಖಾನೆಯ ಗಿಟಾರ್ ಕೊಂಡು, ತಪ್ಪು ಮಾಡುತ್ತ ಮಾಡುತ್ತ ಕಲಿತೆ. ಉಣ್ಣಲಿಕ್ಕಲ್ಲ, ಉಡಲಿಕ್ಕಲ್ಲ, ದುಡಿಯಲಿಕ್ಕೂ ಅಲ್ಲ ಎಂದು ನಮ್ಮ ಮನೆತನದಲ್ಲಿ ಕೊಂಡು ತಂದ ಮೊಟ್ಟಮೊದಲ ವಸ್ತು ಅದು. ಮಾನ್ವಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರುವಾಗ ಕಂಡಕ್ಟರ್ ಬಗ್ಗಿ ನೋಡಿ, "ಕೂಸಿನ ಕುತ್ತಿಗಿ ಭಾಳ ಉದ್ದ ಅದ ನೋಡ್ರಿ ಟೀಚರಮ್ಮ" ಎಂದು ನಕ್ಕಿದ್ದನ್ನು ತಮ್ಮ ಉತ್ಪಾದನೆಗೆ ಸಿಕ್ಕ ಮೊದಲ ಪ್ರಶಂಸೆಯೆಂದು ತಿಳಿಯಬೇಕಾಗಿ ವಿನಂತಿ.

ಗಿಟಾರಿನ ಜೊತೆಗೆ ತಾವು ದಯಮಾಡಿ ಇಟ್ಟಿದ್ದ ಸೂಚನಾಪತ್ರವನ್ನು ನಾನು ಪಾಠದಷ್ಟೇ ಶ್ರದ್ಧೆಯಿಂದ ಮನೆಯವರಿಗೆಲ್ಲ ಅರ್ಥಹೇಳಿ ಓದಿದೆ. ವಾದ್ಯವನ್ನು ಹಿತಕರವಾದ ಹವೆಯಲ್ಲಿಡಬೇಕು ಎಂದಿತ್ತು. ಅಪ್ಪ ಅದನ್ನು ಇನ್ನೊಂದು ಸಲ ಓದಿಸಿ, "ಅದೆಲ್ಲಿ ಸಿಗ್ತದ ಕೇಳವಾ, ನಾವೂ ಹೋಗಿ ಇರೂಣು" ಎಂದ. ಕೆಳಗೆ, ಬೆರಳೊತ್ತುವ ಮರದ ಪಟ್ಟಿ ಒಣಗಿದಂತೆ ಕಂಡರೆ ಹಗುರವಾಗಿ ಎಣ್ಣೆ ಹಚ್ಚಬೇಕು ಎಂದಿತ್ತು. ಯಾವ ಎಣ್ಣೆ ಎಂದಿರಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಎಣ್ಣೆ ಎಂದರೆ ಒಂದೇ ಎಂದು ನಂಬಿರುವ ತಮ್ಮ ನಿಷ್ಕಪಟ ಮನಸ್ಸಿಗೆ ನಾನು ಈಗಲೂ ತಲೆಬಾಗುತ್ತೇನೆ.

ಮರುವರ್ಷದ ಬೇಸಿಗೆ ಬಂತು. ಯುಗಾದಿ ಕಳೆಯುವಷ್ಟರಲ್ಲಿ ಕಪ್ಪಗೆ ಮಿರುಗುತ್ತಿದ್ದ ಆ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತು. ಮರ ಒಣಗಿ ಸಂಕುಚಿಸಿತು, ಅದರ ಮೇಲೆ ಅಡ್ಡಡ್ಡ ಬಡಿದಿರುವ, ತಾವು ಫ್ರೆಟ್ ಎಂದು ಕರೆಯುವ ಲೋಹದ ಸರಿಗೆಗಳು ಮಾತ್ರ ಸಂಕುಚಿಸಲಿಲ್ಲ. ಅವುಗಳ ತುದಿಗಳು ಎರಡೂ ಅಂಚಿನಿಂದ ಹೊರಗೆ ಇಣುಕಿದವು. ಜೋಳ ಕೊಯ್ದ ಹೊಲದ ಕೂಳೆಯ ಮೇಲೆ ಬರಿಗಾಲಲ್ಲಿ ಓಡಾಡಿದ ಅನುಭವ ತಮಗೆ ಇಲ್ಲದಿರಬಹುದು. ತಮ್ಮ ಗಿಟಾರಿನ ಕತ್ತಿನ ಮೇಲೆ ಕೆಳಗೆ ಕೈಯಾಡಿಸಿದರೆ ಕಲ್ಕತ್ತೆಯಲ್ಲಿ ಕುಳಿತೇ ಆ ಅನುಭವ ಪಡೆಯಬಹುದು. ನಾನು ಮಕ್ಕಳಿಗೆ ಮಗ್ಗಿಯನ್ನು ಗಿಟಾರಿನ ಜೊತೆ ಹಾಡಿ ಕಲಿಸುತ್ತಿದ್ದೆ. ಏಳರ ಮಗ್ಗಿಯ ನಡುವೆ ಟೀಚರು "ಅವ್ವಾ" ಎಂದು ಕೂಗುವುದು ಮಗ್ಗಿಯ ಭಾಗವೇ ಎಂದು ತಿಳಿದು ಮಕ್ಕಳೂ ಅದೇ ಜಾಗದಲ್ಲಿ "ಅವ್ವಾ" ಎನ್ನತೊಡಗಿದವು.

ಆದ್ದರಿಂದ ಎಣ್ಣೆಯ ಪ್ರಶ್ನೆ ನಮ್ಮ ಓಣಿಯ ಪ್ರಶ್ನೆಯಾಯಿತು. ಅಪ್ಪ ಬಂಡಿಯ ಗಾಲಿಗೆ ಹಚ್ಚುವ ಕೀಲೆಣ್ಣೆಯ ಪರವಾಗಿದ್ದ. ಕಿರುಗುಟ್ಟುವ ಸಾಮಾನಿಗೆಲ್ಲ ಅದೇ ಮದ್ದು ಎಂಬುದು ಅವನ ವಾದ. ಪಕ್ಕದ ಮನೆಯ ಸುಗ್ರಾ ಬೇಗಂ, ಅವರ ಗಂಡನಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿಯಿದ್ದುದರಿಂದ ಎಣ್ಣೆಗಳ ವಿಷಯದಲ್ಲಿ ಅಧಿಕಾರವಾಣಿ, ಸಣ್ಣ ಶೀಸೆಯೊಂದನ್ನು ಸೆರಗಿನಡಿ ತಂದು, "ಬಾದಾಮಿ ಎಣ್ಣಿ ಹಚ್ಚವಾ ಅಮರಮ್ಮಾ, ಕಟ್ಟಿಗಿ ರೇಶ್ಮಿ ಆಗ್ತದ ನೋಡು" ಎಂದರು. ಅವ್ವ ಇಬ್ಬರ ಮಾತನ್ನೂ ಕೇಳಿಸಿಕೊಂಡು, ತನ್ನ ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಳು. ಆ ತೀರ್ಮಾನವನ್ನು ಜಾರಿಗೆ ತರಲು ಅವಳು ಆರಿಸಿಕೊಂಡ ದಿನ ಮಾತ್ರ, ಮಾನ್ಯರೇ, ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನವಾಗಿತ್ತು.

ಗಂಡು ಪಕೀರಪ್ಪ, ದೇವದುರ್ಗದ ದನದ ದವಾಖಾನೆಯಲ್ಲಿ ಕಂಪೌಂಡರ್. ಜೊತೆಗೆ ಬರುವವರು ಅವರ ತಾಯಿ ಬಸ್ಸಮ್ಮ. ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅವ್ವ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಗಿಟಾರನ್ನು ಕಾಲು ಚಾಚಿದ ತನ್ನ ಮೊಣಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಎಳೆಗೂಸಿಗೆ ಹಚ್ಚುವಂತೆ ಕುತ್ತಿಗೆಯಿಂದ ತಲೆಯವರೆಗೆ, ತಂತಿಗಳನ್ನೂ ಬಿಡದೆ, ನೀವಿ ನೀವಿ ಹಚ್ಚಿ, ಎಣ್ಣೆ ಇಂಗಲೆಂದು ಅಂಗಳದ ಬಿಸಿಲಿಗೆ ಇಟ್ಟಿದ್ದಳು. ನಾನು ಓಡಿಬಂದು ನೋಡುವಾಗ ಇರುವೆಗಳು ಆ ಸರಿಗೆಗಳನ್ನು ಏಣಿಯ ಮೆಟ್ಟಿಲು ಮಾಡಿಕೊಂಡು ಸಾಲಾಗಿ ಮೇಲೇರುತ್ತಿದ್ದವು. "ಇದೇನು ಮಾಡಿದೆಬೇ!" ಎಂದರೆ, "ಹಗುರಕ್ಕ ಹಚ್ಚಂತ ನೀನ ಓದಿದ್ದಿಲ್ಲೇನು? ಕೈ ಹಗುರ ಇಟ್ಟುಕೊಂಡೇ ಹಚ್ಚೀನಿ" ಎಂದಳು. ತಮ್ಮ ಸೂಚನಾಪತ್ರವನ್ನು ಇಷ್ಟು ಅಕ್ಷರಶಃ ಪಾಲಿಸಿದ ಗ್ರಾಹಕರು ತಮಗೆ ಇನ್ನೊಬ್ಬರು ಸಿಗಲಾರರು.

ಇರುವೆಗಳನ್ನು ಊದಿ, ಎಣ್ಣೆಯನ್ನು ಹಳೆ ಸೀರೆಯಲ್ಲಿ ಒರೆಸುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಬಸ್ಸಮ್ಮ ಎತ್ತರದ, ಗಟ್ಟಿ ದನಿಯ ಹೆಂಗಸು. ನೀರು ಕುಡಿದು, ಚಹಾ ಕುಡಿದು, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೌಕರಿ ಅದ ಅಂತ ಗೊತ್ತಾತು. ಮತ್ತೇನು ಬರ್ತದವಾ ನಿನಗ?" ಎಂದರು. ನಾನು ರೊಟ್ಟಿ ಬಡಿಯುವುದನ್ನು ಹೇಳಬೇಕೆಂದು ಅವ್ವ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ನಾನು ಗಿಟಾರ್ ತಂದೆ.

ಒಂದು ಹಾಡು ಹಾಡಿದೆ. ಹಾಡು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಯಿತು, ಎಣ್ಣೆಯಲ್ಲಿ ಮಿಂದ ಬೆರಳು ಮಾತ್ರ ಬೇರೆಲ್ಲಿಗೋ ಹೋಯಿತು. ಒಂದು ಸ್ವರಕ್ಕೆ ಒತ್ತಿದರೆ ಜಾರಿ ಮೂರನೆಯದರಲ್ಲಿ ನಿಲ್ಲುತ್ತಿತ್ತು. ಪಕೀರಪ್ಪನವರು ನೆಲ ನೋಡುತ್ತ ಕುಳಿತಿದ್ದರು. ಅವರ ಭುಜ ಅಲುಗುತ್ತಿದ್ದುದನ್ನು ಕಂಡು ನಗುತ್ತಿದ್ದಾರೆಂದು ತಿಳಿದು ನನಗೆ ರೋಷ ಬಂತು. ರೋಷದಲ್ಲಿ ಎಡಗೈಯನ್ನು ಮೇಲಿನಿಂದ ಕೆಳಕ್ಕೆ ಸರ್ರನೆ ಎಳೆದೆ. ತಮ್ಮ ಕಾರ್ಖಾನೆಯ ಹೊರಚಾಚಿದ ಸರಿಗೆಗಳು ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿದವು. ತೋರುಬೆರಳು ಉದ್ದಕ್ಕೆ ಸೀಳಿತು.

"ಯವ್ವಾ, ರಕ್ತ!" ಎಂದು ಬಸ್ಸಮ್ಮ ಎದ್ದು ನಿಂತರು. ಅಪ್ಪ ಹೊರಗೆ ಓಡಿದ, ಯಾಕೆಂದು ಅವನಿಗೂ ತಿಳಿಯದು. ಆಗ ಪಕೀರಪ್ಪನವರು ತಮ್ಮ ಕೈಚೀಲದಿಂದ ಟಿಂಚರ್ ಶೀಸೆ, ಹತ್ತಿ ತೆಗೆದು, ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಕೈ ಹಿಡಿದರು. ಹೆಣ್ಣು ನೋಡಲು ಬಂದ ಗಂಡು ಹಿರಿಯರೆದುರಿಗೆ ಹೆಣ್ಣಿನ ಕೈ ಹಿಡಿದು ಕುಳಿತ ಪ್ರಸಂಗ ನಮ್ಮ ಓಣಿಯಲ್ಲಿ ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಸುಗ್ರಾ ಬೇಗಂ "ಯಾ ಅಲ್ಲಾ" ಎಂದು ಮುಖ ಮುಚ್ಚಿಕೊಂಡರು, ಬೆರಳ ಸಂದಿಯಿಂದ ನೋಡುತ್ತಲೇ ಇದ್ದರು. ಟಿಂಚರ್ ಉರಿಗೆ ನಾನು ಕೈ ಎಳೆದುಕೊಂಡಾಗ ಪಕೀರಪ್ಪನವರು ಮೆಲ್ಲಗೆ, "ಹೋ... ಹೋ... ನಿಂದ್ರು, ನಿಂದ್ರು" ಎಂದರು. ಎತ್ತಿಗೆ ಹೇಳುವ ಮಾತದು. ಹೇಳಿದ ಮೇಲೆ ಅವರಿಗೆ ಹೊಳೆದು ಕಿವಿಯೆಲ್ಲ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ.

ಹೊರಡುವಾಗ ಬಸ್ಸಮ್ಮ ಗಿಟಾರಿನ ಕಡೆ ಕೈ ಮಾಡಿ ಅಪ್ಪನಿಗೆ ಹೇಳಿದರು: "ಹುಡುಗಿ ಮನಸಿಗಿ ಬಂದಾಳ್ರಿ. ಆದ್ರ ಆ ಪೆಟಗಿ ನಮ್ಮ ಮನಿಗಿ ಬ್ಯಾಡ." ಅಪ್ಪ ಒಡನೆಯೇ, "ಆತು ಬಿಡ್ರಿ, ಅದೇನು ದೊಡ್ಡದು" ಎಂದುಬಿಟ್ಟ. ಅವರು ಓಣಿ ದಾಟಿದ ಮೇಲೆ ನಾನು, "ಯಪ್ಪಾ, ಪೆಟಗಿ ಬ್ಯಾಡ ಅಂದ್ರ ನಾನೂ ಬರಂಗಿಲ್ಲ ಅಂತ ಹೇಳಿ ಕಳಸು" ಎಂದೆ. ಅಪ್ಪ ಬೈಯಲಿಲ್ಲ. ಗಿಟಾರನ್ನೂ ನನ್ನನ್ನೂ ಸರದಿಯಂತೆ ನೋಡಿ, ತಲೆಗೆ ವಸ್ತ್ರ ಸುತ್ತಿಕೊಂಡು ಮಿಲ್ಲಿಗೆ ಹೋದ. ಸುದ್ದಿ ದೇವದುರ್ಗ ಮುಟ್ಟಿತು. ಅಲ್ಲಿಂದ ಮಾತು ಬರಲಿಲ್ಲ. ಅವ್ವ ನನ್ನೊಡನೆ ಮಾತು ಬಿಟ್ಟಳು, ಬೇಕಾದ್ದನ್ನೆಲ್ಲ ಗಿಟಾರಿಗೆ ಹೇಳತೊಡಗಿದಳು: "ನೀನ ಸಂಸಾರ ಮಾಡಿಕೊಡಪಾ ಆಕಿಗಿ, ನೀನ ನೀರು ತಂದು ಹಾಕು." ಆ ದಿನಗಳಲ್ಲಿ ಕುಸುಬಿ ಎಣ್ಣೆ ಪಟ್ಟಿಯ ಮೇಲೆ ಅಂಟಂಟಾಗಿ, ಧೂಳು ಕುಡಿದು, ಕಮಟು ವಾಸನೆ ಹೊಡೆಯುತ್ತಿತ್ತು. ತಮಗೆ ಮೊದಲನೆಯ ಪತ್ರ ಬರೆದದ್ದು ಆಗ. ನಾನು ಕೇಳಿದ್ದು ಇಷ್ಟೇ: ಯಾವ ಎಣ್ಣೆ?

ತಮ್ಮಿಂದ ಬರದ ಉತ್ತರ ದನಗಳ ಲಸಿಕೆಯ ನೆಪದಲ್ಲಿ ಬಂತು. ಲಸಿಕೆ ಹಾಕಲು ಸಿರವಾರದ ಕಡೆ ಬಂದಿದ್ದೆ, ಹಾಗೇ ಬೆರಳು ವಾಸಿಯಾಯಿತೋ ನೋಡಿ ಹೋಗೋಣವೆಂದು ಬಂದೆ ಎಂದು ಪಕೀರಪ್ಪನವರು ಒಂದು ಭಾನುವಾರ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಸಿರವಾರಕ್ಕೂ ನಮ್ಮ ಓಣಿಗೂ ನಡುವೆ ಎಷ್ಟು ದೂರವಿದೆಯೆಂದು ಅಪ್ಪನಿಗೂ ಗೊತ್ತು, ಅವರಿಗೂ ಗೊತ್ತು. ಆದರೂ ಇಬ್ಬರೂ ಲಸಿಕೆಯ ಬಗ್ಗೆ ಗಂಭೀರವಾಗಿ ಮಾತಾಡಿದರು. ಆಮೇಲೆ ಅವರು ನನ್ನತ್ತ ತಿರುಗಿ, "ಅವತ್ತು ನಾನು ನಕ್ಕಿದ್ದಿಲ್ರಿ. ಒಂದು ಇರುವಿ ಕಾಲರಿನ್ಯಾಗ ಹೊಕ್ಕಿತ್ತು" ಎಂದರು. ನಂಬಿದೆ. ಇರುವೆಗಳು ಎಲ್ಲಿಂದ ಬಂದವೆಂದು ನನಗೆ ತಿಳಿದಿತ್ತಲ್ಲ.

ಗಿಟಾರ್ ನೋಡಿ ಮೂಗು ಮುಚ್ಚಿಕೊಂಡು, "ಏನು ಹಚ್ಚೀರಿ ಇದಕ?" ಎಂದರು. ಹೇಳಿದೆ. "ನನಗ ಕೆಡದಂಥ ಎಣ್ಣಿ ಬೇಕ್ರಿ. ವಾಸನಿ ಇರಬಾರದು, ಅಂಟಬಾರದು, ಇರುವಿ ಮೂಸಿ ನೋಡಬಾರದು. ಹಂಥಾದು ಯಾವುದರ ಅದೇನು?" ಎಂದು ಕೇಳಿದೆ. ಅವರು ಎದ್ದು ಪೇಟೆಗೆ ಹೋಗಿ, ಔಷಧಿ ಅಂಗಡಿಯಿಂದ ನೀರಿನಂತೆ ತಿಳಿಯಾದ ಎಣ್ಣೆಯ ಒಂದು ಬಾಟಲಿ ತಂದರು. ಲಿಕ್ವಿಡ್ ಪ್ಯಾರಾಫಿನ್. ಹೊಟ್ಟೆ ಕಟ್ಟಿದ ಕರುಗಳಿಗೆ ಕುಡಿಸುವುದು ಎಂದು ವಿವರಿಸಿ, "ಮಂದಿಗೂ ನಡೀತದ" ಎಂದು ಸೇರಿಸಿದರು. ಒಳಗಿರುವುದು ಹೊರಗೆ ಬರಲೊಲ್ಲದೆ ಕಟ್ಟಿಕೊಂಡು ಕುಳಿತಾಗ ಕೊಡುವ ಔಷಧಿಯೆಂದು ಕೇಳಿದೊಡನೆ ನನಗೆ ತಮ್ಮ ಕಚೇರಿಯ ಪತ್ರವ್ಯವಹಾರ ವಿಭಾಗ ನೆನಪಾಗಿ ಮರುಕ ಹುಟ್ಟಿತು.

ತಮ್ಮ ಮುಂದಿನ ಸೂಚನಾಪತ್ರಕ್ಕೆ ಉಪಯೋಗವಾಗಲೆಂದು ನಾವು ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ, ಇದಕ್ಕಾಗಿ ತಾವು ಋಣಭಾರ ಹೊರಬೇಕಿಲ್ಲ. ತಂತಿಗಳನ್ನು ಸಡಿಲಿಸಿ ಪೂರ್ತಿ ಬಿಚ್ಚಿದೆವು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸರಿಗೆಗಳ ಸಂದಿಯ ಜಿಡ್ಡನ್ನು ತಿಕ್ಕಿ ತೆಗೆದು ಒಣ ಬಟ್ಟೆಯಲ್ಲಿ ಒರೆಸಿದೆವು. ಸರಿಗೆಯ ತುದಿಗಳನ್ನು ಮಟ್ಟ ಮಾಡಲು ಪಕೀರಪ್ಪನವರು ಎತ್ತಿನ ಗೊರಸು ತೀಡುವ ದೊಡ್ಡ ಅರವನ್ನು ಚೀಲದಿಂದ ತೆಗೆದರು. "ಅದು ಎತ್ತಿನ ಕಾಲಲ್ರೀ!" ಎಂದು ಕಸಿದುಕೊಂಡು ನಯವಾದ ಮರಳುಕಾಗದದಿಂದ ನಾನೇ ಒಂದೊಂದಾಗಿ ತಿಕ್ಕಿದೆ. ಆಮೇಲೆ ಬಟ್ಟೆಯ ತುದಿಗೆ ನಾಲ್ಕು ಹನಿ ಎಣ್ಣೆ ಹಾಕಿ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಅವ್ವ ಚಹಾ ಮಾಡಿ ಎಲ್ಲರೂ ಕುಡಿಯುವಷ್ಟು ಹೊತ್ತು ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನೆಲ್ಲ ಬಟ್ಟೆ ಒಣಗುವವರೆಗೆ ಒರೆಸಿ ತೆಗೆದೆವು. ಬೂದಿ ಬಣ್ಣದ ಪಟ್ಟಿ ಮಳೆ ಬಿದ್ದ ಎರೆಹೊಲದ ಹಾಗೆ ಕಪ್ಪಾಯಿತು. ಅವ್ವ ಬಗ್ಗಿ ನೋಡಿ, ಬಹಳ ದಿನಗಳ ಮೇಲೆ ನನ್ನೊಡನೆ ನೇರವಾಗಿ ಮಾತಾಡಿದಳು: "ಇಷ್ಟ ಎಣ್ಣಿ ಸಾಕಾತೇನು ಇದಕ? ನಾ ಬಟ್ಟಲ ತುಂಬ ಸುರುವಿದ್ದೆ." ಅವತ್ತಿನಿಂದ ಗಿಟಾರಿನ ವಾಸ ಕುಡಿಯುವ ನೀರಿನ ಮಡಕೆಗಳ ಪಕ್ಕ, ಒದ್ದೆ ಗೋಣಿಯ ತಂಪಿಗೆ. ಮಧ್ಯಾಹ್ನ ಅಪ್ಪ ಒರಗುತ್ತಿದ್ದ ಜಾಗ ಅದು. ಅವನು ಮಿಲ್ಲಿನವರಿಗೆಲ್ಲ, "ನಮ್ಮ ಮನಿಯಾಗ ಮರ್ಯಾದಿ ಕಟ್ಟಿಗಿಗೆ, ನನಗಲ್ಲ" ಎಂದು ಹೇಳಿಕೊಂಡು ತಿರುಗಿದ.

ಇಷ್ಟಾದರೂ ದೇವದುರ್ಗದ ಮಾತು ಬದಲಾಗಲಿಲ್ಲ. ಪಕೀರಪ್ಪನವರು ತಾಯಿಗೆ ಹೇಳಿ ಸೋತಿದ್ದರು. ಆಗ ನಾನೇ, ಗಿಟಾರನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಮದುವೆಗೆ ಮುಂಚೆ ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗುವುದುಂಟೇ ಎಂದು ಅವ್ವ ಅತ್ತಳು. ಅಪ್ಪ ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಬಂದು ಗಿಟಾರನ್ನು ಮೂಟೆಯಂತೆ ಹೆಗಲಮೇಲೆ ಹೊತ್ತು ಬಸ್ಸಿಗೆ ಹತ್ತಿಸಿದ.

ಬಸ್ಸಮ್ಮ ಒಬ್ಬರೇ ಇದ್ದರು. ನನ್ನನ್ನು ಕಂಡು ಗಾಬರಿಯಾದರೂ ನೀರು ಕೊಟ್ಟರು. ನಾನು ಸುತ್ತುಬಳಸದೆ, "ಇದರ ಮ್ಯಾಲೆ ನಿಮಗ್ಯಾಕ ಸಿಟ್ಟು, ಹೇಳ್ರಿ" ಎಂದೆ. ಅವರು ಸೆರಗು ಸರಿಮಾಡಿಕೊಂಡು, ಗೋಡೆಯನ್ನು ನೋಡುತ್ತ ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಮ್ಮಪ್ಪ ಹಲಿಗಿ ಬಡೀತಿದ್ದ. ಮಂದಿ ಲಗ್ನಕ್ಕ, ಮಂದಿ ಸಾವಿಗಿ. ಅಂಗಳದ ಹೊರಗ ನಿಂತು ಬಡೀಬೇಕು. ಬಿಸಲಿರಲಿ, ಮಳಿ ಇರಲಿ, ಕುಂದ್ರು ಅಂತ ಒಬ್ರೂ ಅನ್ನಲಿಲ್ಲ. ನಿಂತು ನಿಂತು ಕಾಲು ಬಾತು ಸತ್ತ. ನನ್ನ ಮಗ ಬಡೀಲಿಲ್ಲ, ಸಾಲಿ ಕಲಿತ. ಈಗ ಸೊಸಿ ಬಂದು ಮತ್ತ ಮಂದಿ ಬಾಗಲಾಗ ನಿಂತು ಬಾರ್ಸೂದು ನನಗ ನೋಡಾಕ ಆಗಂಗಿಲ್ಲವಾ."

ಮಾನ್ಯರೇ, ಆ ಹೊತ್ತಿನಲ್ಲಿ ನನ್ನ ಬಳಿ ದೊಡ್ಡ ಮಾತು ಯಾವುದೂ ಇರಲಿಲ್ಲ. ಇದ್ದ ಸತ್ಯವನ್ನೇ ಹೇಳಿದೆ. "ಅತ್ತಿ, ಇದನ್ನ ನಿಂತು ಬಾರ್ಸಾಕ ನನಗ ಬರಂಗೇ ಇಲ್ಲ. ನಾನು ಕುರ್ಚಿ ಮ್ಯಾಲೆ ಕುಂತು ಬಾರಸ್ತೀನಿ."

ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಕುರ್ಚಿ ಮ್ಯಾಲೆ?" ಎಂದರು. "ಹೂಂರಿ. ಕೇಳೋರು ಬೇಕಾದ್ರ ಕೆಳಗ ಕುಂದರಲಿ." ಅವರು ಎದ್ದು ಒಳಗೆ ಹೋದರು. ಸಿಟ್ಟಾದರೆಂದು ನಾನು ಗಂಟು ಕಟ್ಟತೊಡಗಿದೆ. ಮಗ ಬಂದವರಿಗೆಂದು ತಂದಿಟ್ಟಿದ್ದ, ಆ ಮನೆಯ ಒಂದೇ ಒಂದು ಕುರ್ಚಿಯನ್ನು ಅವರು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ನಡುಮನೆಯಲ್ಲಿ ಇಟ್ಟು, ಸೆರಗಿನಿಂದ ಒರೆಸಿ, "ಕುಂದ್ರು" ಎಂದರು. ಕುಳಿತೆ. ಅವರು ನೆಲದ ಮೇಲೆ ಕೂರಲಿಲ್ಲ, ಬಾಗಿಲಿಗೆ ಹೋಗಿ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ಅವರನ್ನು ಕೆಳಗೆ ಕೂರಿಸಿದರು. ನಾನು ಬಾರಿಸಿದೆ. ಬೆರಳು ಒಂದು ಕಡೆಯೂ ಜಾರಲಿಲ್ಲ, ಒಂದು ಕಡೆಯೂ ಕೊಯ್ಯಲಿಲ್ಲ.

ಮದುವೆಯಾಗಿ ಈಗ ವರ್ಷವಾಗುತ್ತ ಬಂತು, ನನಗೂ ದೇವದುರ್ಗಕ್ಕೆ ವರ್ಗವಾಗಿದೆ. ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪವಾದವು. ಸೂಚನಾಪತ್ರದಲ್ಲಿ ತಾವು ಹೇಳಿರುವ ಹಿತಕರ ಹವೆಯನ್ನು ದಯವಿಟ್ಟು ಗೂಡ್ಸ್ ಗಾಡಿಯಲ್ಲಿ ತುಂಬಿಸಿ ರಾಯಚೂರು ಸ್ಟೇಷನ್ನಿಗೆ ಕಳುಹಿಸಬೇಕು, ಇಳಿಸಿಕೊಳ್ಳಲು ನಮ್ಮಪ್ಪ ಬರುತ್ತಾನೆ. ಅದು ಕಷ್ಟವಾದರೆ ತಾವೇ ಖುದ್ದಾಗಿ ಒಂದು ಮೇ ತಿಂಗಳು ಇಲ್ಲಿ ಬಂದು ನಮ್ಮ ಅಂಗಳದಲ್ಲಿ ಒಣಗಬೇಕು, ಯಾವ ತುದಿ ಎಲ್ಲಿಂದ ಹೊರಗೆ ಬರುತ್ತದೆಂಬುದು ಆಗ ತಿಳಿದೀತು. ಗಿಟಾರನ್ನು ಮಾತ್ರ ವಾಪಸು ಕೇಳಬೇಡಿ. ಅದು ಸರಿಯಾಗಿದ್ದಿದ್ದರೆ ನನ್ನ ಬೆರಳು ಕೊಯ್ಯುತ್ತಿರಲಿಲ್ಲ, ಬೆರಳು ಕೊಯ್ಯದಿದ್ದರೆ ಯಾರೂ ಕೈ ಹಿಡಿಯುತ್ತಿರಲಿಲ್ಲ. ಈ ಮಟ್ಟಿಗೆ ತಮ್ಮ ಕಾರ್ಖಾನೆಯ ನಿರ್ಲಕ್ಷ್ಯಕ್ಕೆ ನಮ್ಮ ಕುಟುಂಬ ಚಿರಋಣಿಯಾಗಿದೆ.

ಇನ್ನೂ ಸ್ವಲ್ಪ ವಿಶ್ವಾಸ ಉಳಿಸಿಕೊಂಡಿರುವ ತಮ್ಮ,
ಅಮರಮ್ಮ ಪಕೀರಪ್ಪ
ಸಹಶಿಕ್ಷಕಿ, ದೇವದುರ್ಗ

ತಾ.ಕ.: ನಮ್ಮ ಅತ್ತೆಯವರು ನಾನು ಶಾಲೆಗೆ ಹೋದಮೇಲೆ ಬಾಗಿಲು ಹಾಕಿಕೊಂಡು, ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿಯೊಂದನ್ನೇ ತಮ್ಮ ತಂದೆಯ ಹಲಗೆಯ ತಾಳಕ್ಕೆ ಸರಿಯಾಗಿ ಬಾರಿಸುತ್ತಾರೆಂದು ನೆರೆಯವರಿಂದ ತಿಳಿದುಬಂದಿದೆ. ಕೇಳಿದರೆ ಒಪ್ಪುವುದಿಲ್ಲ, ಬೆಕ್ಕು ಹಾರಿತು ಎನ್ನುತ್ತಾರೆ. ಆ ತಂತಿ ನಿನ್ನೆ ಮತ್ತೆ ಹರಿದಿದೆ. ಬೆಕ್ಕು ಎಷ್ಟೇ ಜೋರಾಗಿ ಹಾರಿದರೂ ಹರಿಯದಂಥ ತಂತಿಯನ್ನು ದಯವಿಟ್ಟು ಕೂಡಲೇ ಕಳುಹಿಸಿ. ಸೂಚನಾಪತ್ರ ಬೇಡ.